ಬಂದವರ ಭಾಷೆಯಲ್ಲೇ ಉತ್ತರ ಕೊಡುವ ಊರು

ನನ್ನ ಮೊಮ್ಮಗಳು ಓದುತ್ತಾಳೆ. ಇದನ್ನು ಎಷ್ಟು ಜನಕ್ಕೆ ಹೇಳಿದರೂ ನನಗೆ ಸಾಲದು. ಬಳ್ಳಾರಿ ಬಸ್ಸಿನ ಬೋರ್ಡು, ಶೇಂಗಾ ಎಣ್ಣೆಯ ಡಬ್ಬಿ, ಗೋಡೆಗೆ ಅಂಟಿಸಿದ ಮದುವೆ ಪತ್ರಿಕೆ, ಕಣ್ಣಿಗೆ ಬಿದ್ದ ಕನ್ನಡವನ್ನೆಲ್ಲ ಓದಿಬಿಡುತ್ತಾಳೆ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕತ್ತಲಲ್ಲಿ ಗೋಡೆ ತಡವಿಕೊಂಡು ಹೋದ ಹಾಗೆ ಒಂದೊಂದೇ ಅಕ್ಷರ ಕೂಡಿಸುತ್ತೇನೆ. ಅವಳು ಓಡುತ್ತಾಳೆ. ನೋಡುತ್ತ ನೋಡುತ್ತ ನನ್ನ ಎದೆ ಉಬ್ಬುತ್ತದೆ, ಮರುಕ್ಷಣವೇ ನಮ್ಮ ಓಣಿಯವರ ಮೇಲೆ ಸಿಟ್ಟೂ ಉಕ್ಕುತ್ತದೆ.

ನಮ್ಮದು ಡಿ. ಹಿರೇಹಾಳ್ ಕಡೆಯ ಊರು. ಸರ್ಕಾರ ಆಂಧ್ರದ್ದು, ಮನೆಮಾತು ಕನ್ನಡ. ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡಕ್ಕೆ ಇದ್ದದ್ದು ಒಬ್ಬರೇ ಮೇಷ್ಟ್ರು. ಹೋದ ಬೇಸಿಗೆಯಲ್ಲಿ ಅವರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕನ್ನಡದ ಮಕ್ಕಳು ತೆಲುಗು ಕ್ಲಾಸಿನ ಹಿಂದಿನ ಸಾಲಿನಲ್ಲಿ ಕೂತು ಗೋಡೆ ನೋಡತೊಡಗಿದರು. ಶಾಲೆಗೊಂದು ಪೋಷಕರ ಕಮಿಟಿ ಉಂಟು. ತಾಯಂದಿರೆಲ್ಲ, ನನ್ನ ಸೊಸೆಯೂ, ಗಡಿಯಾಚೆ ಮೆಣಸಿನಕಾಯಿ ಬಿಡಿಸಲು ಹೋಗುವವರು. ಮನೆಯಲ್ಲಿ ಸಿಕ್ಕವಳು ನಾನೊಬ್ಬಳೇ ಅಂತ ನನ್ನನ್ನೇ ಅಧ್ಯಕ್ಷೆ ಮಾಡಿದರು. ಮೇಷ್ಟ್ರು ಬೇಕು ಅಂತ ಅರ್ಜಿ ಕೊಟ್ಟೆವು.

ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಬಂದರು. ತೆಲುಗಿನವರು, ಮರ್ಯಾದಸ್ಥರು. ಮನೆ ಮನೆಯ ಮುಂದೆ ನಿಂತು, ಮಕ್ಕಳಿಗೆ ತೆಲುಗು ಬರುತ್ತದೆಯೇ ಎಂದು ತೆಲುಗಿನಲ್ಲೇ ಕೇಳಿದರು. ನಮ್ಮ ಕಡೆಯ ಪದ್ಧತಿ ಏನೆಂದರೆ, ಬಂದವರು ಯಾವ ಭಾಷೆಯಲ್ಲಿ ಮಾತಾಡುತ್ತಾರೋ ಅದರಲ್ಲೇ ಉತ್ತರ ಕೊಡಬೇಕು. ಇಲ್ಲದಿದ್ದರೆ ಬಾಗಿಲಿಗೆ ಬಂದವರಿಗೆ ನೀರು ಕೊಡದೆ ಕಳಿಸಿದ ಹಾಗೆ. ಓಣಿಗೆ ಓಣಿಯೇ ಬೆಲ್ಲದಂಥ ತೆಲುಗು ಮಾತಾಡಿತು. ಇಷ್ಟು ಚೆನ್ನಾಗಿ ತೆಲುಗು ಬರುವವರಿಗೆ ಕನ್ನಡ ಮೇಷ್ಟ್ರು ಯಾಕೆ ಎಂದು ಅವರು ಹೊರಟೇಹೋದರು.

ನಾನು ಬಿಡಲಿಲ್ಲ. ಇನ್ನೊಂದು ಅರ್ಜಿ ಹಾಕಿಸಿ, ಈ ಸಲ ಕನ್ನಡ ಬಿಟ್ಟು ಬೇರೆ ಮಾತಾಡಬೇಡಿ ಅಂತ ಮನೆ ಮನೆ ಸುತ್ತಿದೆ.

"ಅವರು ತೆಲುಗಿನ್ಯಾಗ ಕೇಳ್ತಾರ, ನಾವು ಕನ್ನಡದಾಗ ಹೇಳಿದ್ರ ಸೊಕ್ಕು ಅನ್ನಂಗಿಲ್ಲೇನ್ರಿ?" ಅಂದ ಅಂಗಡಿಯವನು.

"ಒಂದಿನ ಸೊಕ್ಕು ಮಾಡಪ್ಪಾ, ಏನೂ ಆಗಂಗಿಲ್ಲ."

ಪಕ್ಕದ ಮನೆಯವಳದು ಇನ್ನೊಂದು ತಕರಾರು. "ಸಾಹೇಬ್ರನ್ನ ಕಂಡ್ರ ತಾನಾಗೇ ತೆಲುಗು ಬರತೈತಿ ಅತ್ತಿ. ಬಾಯಿಗೆ ಬಟ್ಟಿ ಕಟ್ಟಿಕೊಳ್ಳಲೇನು?"

"ಕಟ್ಟಿಕೋ. ಓಣಿ ಜನ ನಿದ್ದಿನಾದ್ರೂ ಮಾಡ್ತಾರ."

ಅಧಿಕಾರಿ ಮತ್ತೆ ಬಂದರು. ಬೈಕು ನಿಲ್ಲುವ ಮೊದಲೇ ಅಂಗಡಿಯವನು ಕುರ್ಚಿ ಎತ್ತಿಕೊಂಡು ಓಡಿದ: "ಕೂರ್ಚೋಂಡಿ ಸಾರ್, ಕೂರ್ಚೋಂಡಿ!" ಪಕ್ಕದ ಮನೆಯವಳು ಮಜ್ಜಿಗೆ ತಂದಳು, ಲೋಟದ ಜೊತೆಗೆ ತೆಲುಗೂ ಬಂತು. ನಾನು ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕೂತೆ. ಸಾಲದ್ದಕ್ಕೆ ನನ್ನ ಮೊಮ್ಮಗಳು! ಅವರು ಹೆಸರು ಕೇಳಿದ್ದೇ ತಡ, ಸೊಂಟದ ಮೇಲೆ ಕೈಯಿಟ್ಟು, ಹೆಸರಿನಿಂದ ಹಿಡಿದು ನಮ್ಮ ಎಮ್ಮೆ ಕರು ಹಾಕಿದ ಸುದ್ದಿಯವರೆಗೆ ತೆಲುಗಿನಲ್ಲಿ ಒಪ್ಪಿಸಿಬಿಟ್ಟಳು. ಓಣಿ ನಕ್ಕಿತು. ಅಧಿಕಾರಿ ನನ್ನ ಕಡೆ ತಿರುಗಿ, ನೋಡಿದಿರಾ ಅಮ್ಮಾ ಅನ್ನುವ ಹಾಗೆ ಕೈ ತೋರಿಸಿದರು.

ನನಗೆ ತಡೆದುಕೊಳ್ಳಲಾಗಲಿಲ್ಲ. "ಮಾತು ಕೇಳಿದ್ದಾತಲ್ರಿ ಸಾರ್. ಈಗ ಓದಿಸಿ ನೋಡ್ರಿ."

ಅವರು ತೆಲುಗು ಪುಸ್ತಕ ತೆರೆದು ಅವಳ ಮುಂದೆ ಹಿಡಿದರು. ಹುಡುಗಿ ಹಾಳೆ ನೋಡಿದಳು, ಅವರನ್ನು ನೋಡಿದಳು, ನನ್ನನ್ನು ನೋಡಿದಳು. "ಇದು ನಮಗ ಹೇಳಿಕೊಟ್ಟಿಲ್ರಿ" ಎಂದಳು ಮೆಲ್ಲಗೆ. ನಾನು ಅವಳ ಕನ್ನಡ ಪುಸ್ತಕ ಕೊಟ್ಟೆ. ಆಗ ಶುರುಮಾಡಿದಳು ನೋಡಿ! ಒಂದು ಪಾಠ ಮುಗಿಯಿತು, ಸಾಕಮ್ಮಾ ಎಂದರು ಅವರು, ಅವಳು ಮುಂದಿನದಕ್ಕೆ ಹೋದಳು. ನನಗೆ ಕಣ್ಣು ತುಂಬಿ ಪುಸ್ತಕವೂ ಕಾಣಲಿಲ್ಲ, ಅವಳೂ ಕಾಣಲಿಲ್ಲ.

ಅವರು ತಮ್ಮ ತೆಲುಗು ಪುಸ್ತಕ ಮುಚ್ಚಿದರು. ಹೊಸ ಮೇಷ್ಟ್ರ ಪೋಸ್ಟು ನನ್ನ ಕೈಯಲ್ಲಿಲ್ಲ, ಬೊಮ್ಮನಹಾಳ್ ಕಡೆಯ ಕನ್ನಡ ಮೇಷ್ಟ್ರೊಬ್ಬರನ್ನು ಅರ್ಧ ವಾರ ಕಳಿಸುತ್ತೇನೆ ಎಂದರು. ಮೊದಲ ಬಾರಿ ಕನ್ನಡದಲ್ಲಿ, ತಡವರಿಸುತ್ತ ಹೇಳಿದರು.

"ಉಳಿದರ್ಧ ವಾರ ಮಕ್ಕಳು ಏನ್ ಮಾಡ್ಬೇಕ್ರಿ?" ಎಂದೆ. ಅಷ್ಟರಲ್ಲಿ ಅಂಗಡಿಯವನು "ಚಾಲ ಸಂತೋಷಂ ಸಾರ್!" ಎಂದು ಇಡೀ ಊರಿನ ಪರವಾಗಿ ಕೈ ಮುಗಿದುಬಿಟ್ಟ. ಇಂಥವರನ್ನು ಕಟ್ಟಿಕೊಂಡು ಶಾಲೆ ಸುಧಾರಿಸಬೇಕು ನಾನು!

ಸೋಮವಾರ ಮೇಷ್ಟ್ರು ಬಂದರು. ಮಕ್ಕಳು ಅವರ ಬೈಕಿನ ಹಿಂದೆ ಶಾಲೆಯವರೆಗೆ ಓಡಿದರು. ಗುರುವಾರ ಅವರು ಬರುವ ದಿನವಲ್ಲ. ಮೊಮ್ಮಗಳು ಮತ್ತೆ ಹಿಂದಿನ ಸಾಲಿಗೆ ಹೋಗಬೇಕಿತ್ತು. ನಾನು ಅವಳ ತಲೆ ಬಾಚಿ, ಪುಸ್ತಕ ಕೈಗೆ ಕೊಟ್ಟು, ಅಧಿಕಾರಿಯ ಆಫೀಸಿಗೆ ಹೋಗುವ ಬಸ್ಸು ಹತ್ತಿಸಿ, ನಾನೂ ಹತ್ತಿದೆ. ಕಿಟಕಿಯ ಪಕ್ಕ ಕೂತು ಅವಳು ಗಟ್ಟಿಯಾಗಿ ಓದತೊಡಗಿದಳು. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ, ತೆಲುಗಿನಲ್ಲಿ. ನಾನು ಕನ್ನಡದಲ್ಲಿ ಹೇಳಿದೆ.