ಹಳದಿ ನೀರು ಹಸಿರಾಗುವವರೆಗೆ

ಬೆಳಗಿನ ಆರು ಗಂಟೆ. ದಿಲ್ಲಿಯ ಮಯೂರ್ ವಿಹಾರದ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಕರುಣಾಕರ ಮೀನಿನ ತೊಟ್ಟಿಯ ಮುಂದೆ ಮಂಡಿಯೂರಿದ್ದಾರೆ. ಅವರ ಕಸುಬಿನ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿದ್ದೇನೆ. ಪುಟ್ಟ ಗಾಜಿನ ಕೊಳವೆಗೆ ತೊಟ್ಟಿಯ ನೀರು ತುಂಬಿ, ಪರೀಕ್ಷೆಯ ಔಷಧಿಯ ಮೂರು ಹನಿ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಹಳದಿ. ನೀರಿನಲ್ಲಿ ಇನ್ನೂ ಹುಳಿಯಿದೆ. ಹಸಿರಾದರೆ ಪಿಎಚ್ ಏಳು, ಮೀನು ಬಚಾವ್.

ಮನೆಯೊಡತಿ ಚೋಂದಮ್ಮ ಕೊಡಗಿನವರು, ಶಾಲೆಯಲ್ಲಿ ಟೀಚರ್. ಗಂಡ ಸೈನ್ಯದಲ್ಲಿ, ಸದ್ಯ ಲೇಹ್‌ನಲ್ಲಿದ್ದಾರೆ. ಮೀನಿಗೆ ಶುದ್ಧ ನೀರೇ ಇರಲೆಂದು ಚೋಂದಮ್ಮ ತಿಂಗಳುಗಟ್ಟಲೆ ಆರ್‌ಓ ಯಂತ್ರದ ನೀರು ತುಂಬಿದ್ದಾರೆ. ಪ್ರೀತಿ ಜಾಸ್ತಿಯಾದ ದಿಲ್ಲಿಯವರು ಮಾಡುವ ತಪ್ಪೇ ಇದು! ಆ ಯಂತ್ರ ಲವಣವನ್ನೆಲ್ಲ ತೆಗೆದುಬಿಡುತ್ತದೆ, ಹುಳಿ ತಡೆಯುವ ಶಕ್ತಿ ನೀರಿಗೆ ಉಳಿಯುವುದಿಲ್ಲ. ಹತ್ತು ಮೀನಿನಲ್ಲಿ ನಾಲ್ಕು ಹೋದವು.

"ಇವತ್ತೇ ಅಡುಗೆ ಸೋಡಾ ಹಾಕಿ ಸರಿ ಮಾಡ್ಬಿಡಿ. ನನ್ ಕೈಲಿ ನೋಡೋಕಾಗ್ತಿಲ್ಲ," ಎನ್ನುತ್ತಾರೆ ಚೋಂದಮ್ಮ.

"ಅಯ್ಯೋ, ಬೇಡಮ್ಮ! ಒಂದೇ ಸಲ ಪಿಎಚ್ ಏರಿಸಿದ್ರೆ ಉಳಿದ ಆರೂ ಹೋಗ್ತಾವೆ. ದಿನಾ ಅರ್ಧ ಬಕೆಟ್ ತೆಗೆದು ಅಷ್ಟೇ ನಲ್ಲಿಯ ನೀರು ಹಾಕೋಣ, ಸಾಕು. ನಾನೇ ದಿನಾ ಬರ್ತೀನಲ್ಲ."

ಇದು ಪೆಟ್ಟು ತಿಂದು ಕಲಿತ ಪಾಠ. ಕುಂದಾಪುರ ಕಡೆಯ ಕರುಣಾಕರರಿಗೆ ಈಗ ಐವತ್ತೆರಡು. ಹತ್ತೊಂಬತ್ತಕ್ಕೆ ಇಲ್ಲಿನ ದೋಸೆ ಹೋಟೆಲಿಗೆ ಬಂದವರು, ಗಲ್ಲಾದ ಪಕ್ಕದ ಮೀನಿನ ತೊಟ್ಟಿಯನ್ನೂ ನೋಡಿಕೊಳ್ಳುತ್ತಿದ್ದರು. "ಒಂದಿನ ಅವಸರಕ್ಕೆ ಬಿದ್ದು ಒಂದು ಮುಷ್ಟಿ ಸೋಡಾ ಸುರಿದೆ. ಸಂಜೆ ಅಷ್ಟೂ ಮೀನು ಮೇಲೆ ತೇಲ್ತಾ ಇದ್ವು. ಧಣಿ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಹೋಟೆಲು ಮುಚ್ಚಿದ ಮೇಲೆ ಇದೇ ಹೊಟ್ಟೆಪಾಡು. ದಿನಕ್ಕೆ ಒಂಬತ್ತು ತೊಟ್ಟಿ, ನೋಯ್ಡಾದವರೆಗೂ ಸೈಕಲ್ಲು. ಬಾಗಿಲು ತೆಗೆಯುವವರು ಫೋನಿನಿಂದ ತಲೆ ಎತ್ತುವುದಿಲ್ಲ. "'ಭಯ್ಯಾ, ಹೋ ಗಯಾ?' ಅಂತಾರೆ, ಆಯ್ತಾ ಅಂತ. 'ಹೋ ಗಯಾ' ಅಂತೀನಿ. ಮುಗೀತು ಮಾತು."

ಮದುವೆಯಾಗಿಲ್ಲ, ತ್ರಿಲೋಕಪುರಿಯ ಕೋಣೆಯಲ್ಲಿ ಒಬ್ಬರೇ. "ಕನ್ನಡ ಅಂತ ಬಾಯಿಗೆ ಬರೋದು ಈ ಮನೇಲಿ ಮಾತ್ರ, ಅದೂ ತಿಂಗಳಿಗೊಂದ್ಸಲ. ಈಗ ಮೀನಿಗೆ ಕಾಯಿಲೆ ಬಂದು ದಿನಾ ಮಾತಾಡೋ ಹಾಗಾಯ್ತು." ಹೇಳಿದ ಮೇಲೆ ತಮ್ಮ ಮಾತಿಗೆ ತಾವೇ ನಾಚಿಕೊಳ್ಳುತ್ತಾರೆ. ಚೋಂದಮ್ಮ ಕೊಡುವ ಕಾಫಿಯನ್ನು ಅವರು ಕುಡಿಯುವ ನಿಧಾನ ನೋಡಿದರೆ ನನಗೆ ಸಂಕಟವಾಗುತ್ತದೆ.

ಒಂಬತ್ತನೇ ದಿನ ಮತ್ತೆ ಹೋಗುತ್ತೇನೆ. ಕೊಳವೆಯ ನೀರು ಹಸಿರು! ಆರೂ ಮೀನು ಕಾಳಿಗೆ ಮುಗಿಬೀಳುತ್ತಿವೆ.

"ನಾಳೆಯೂ ಒಂದ್ಸಲ ನೋಡ್ಬಿಡ್ತೀರಾ?" ಚೋಂದಮ್ಮ ಕೇಳುತ್ತಾರೆ.

ಹೂಂ ಅನ್ನಪ್ಪಾ ಎಂದು ನಾನು ಮನಸ್ಸಿನಲ್ಲೇ ಗೋಗರೆಯುತ್ತೇನೆ. ಕರುಣಾಕರ ಕೊಳವೆ ತೊಳೆದಿಡುತ್ತಾರೆ. "ಬೇಡಮ್ಮ. ಸುಮ್ಸುಮ್ನೆ ಕೈ ಹಾಕಿದ್ರೆ ಅವಕ್ಕೇ ಕಿರಿಕಿರಿ. ಮುಂದಿನ ತಿಂಗಳು ಬರ್ತೀನಿ."

ಮೆಟ್ಟಿಲಿಳಿಯುವಾಗ ನನಗೆ ತಡೆಯಲಾಗುವುದಿಲ್ಲ. ಇನ್ನೊಂದು ವಾರ ಬರಬಹುದಿತ್ತಲ್ಲ ಎಂದು ಕೇಳಿಯೇಬಿಡುತ್ತೇನೆ.

"ಹೂಂ ಅನ್ನೋದು ಬಾಯಿ ತನಕ ಬಂದಿತ್ತು ಮಾರಾಯ್ರೆ," ಎಂದು ಬಕೆಟ್ಟನ್ನು ಸೈಕಲ್ಲಿಗೆ ಸಿಕ್ಕಿಸುತ್ತಾರೆ. "ಆದ್ರೆ ಆರಕ್ಕೆ ಆರೂ ಉಳ್ಕೊಂಡ್ವು, ನೋಡಿದ್ರಲ್ಲ?"