ಸಣ್ಣವನ್ನು ಉಳಿಸಿ ಕೆಟ್ಟ ಹೊಂಡ

ಬೆಳಗ್ಗೆ ಎಂಟಕ್ಕೆ ಕುಷ್ಟಗಿಯಲ್ಲಿ ಗಂಗಾವತಿ ಬಸ್ಸು ಹತ್ತಿದೆವು, ನಾನು ಮತ್ತು ಸೊಸೆ ರೇಣವ್ವ. ಅವಳ ಕೈಯಲ್ಲಿ ಬಕೆಟ್ಟು, ಅದರಲ್ಲಿ ನಮ್ಮ ಹೊಲದ ಹೊಂಡದ ಒಂದು ಗೆಂಡೆ ಮೀನು. ಮೀನು ಸಾಕುವ ಕೆಲಸ ಅವಳದು, ಮಾರುವುದು ನನ್ನದು. ಮೊದಲು ಮೊಳದುದ್ದ ಬೆಳೆಯುತ್ತಿದ್ದವು, ಈಗ ಗೇಣುದ್ದವೂ ಇಲ್ಲ. ಇವಳು ತೌಡು ಸರಿಯಾಗಿ ಹಾಕುವುದಿಲ್ಲ ಎಂದು ಎರಡು ವರ್ಷ ಬೈದಿದ್ದೆ. ಇವತ್ತು ದಾರಿ ಕಾಣದಿದ್ದರೆ ಹೊಂಡ ಮುಚ್ಚಿಸುತ್ತೇನೆ ಎಂದೂ ಹೇಳಿದ್ದೆ.

ಕಂಡಕ್ಟರ್ ನಮಗೆ ಫ್ರೀ ಟಿಕೆಟ್ ಕೊಟ್ಟು ಬಕೆಟ್ಟಿನಲ್ಲಿ ಇಣುಕಿದ. "ಅಜ್ಜಿ, ಫ್ರೀ ಇರೋದು ಹೆಣ್ಮಕ್ಕಳಿಗೆ. ಮೀನಿಗಿಲ್ಲ."

"ಇದೂ ಹೆಣ್ಣ ಐತಪ್ಪ. ಹೊಟ್ಟಿ ನೋಡು."

"ಹಂಗಾರ ಆಧಾರ್ ಕಾರ್ಡ್ ತೋರ್ಸು!"

ಬಸ್ಸೆಲ್ಲ ನಕ್ಕಿತು. ರೇಣವ್ವ ನಗಲಿಲ್ಲ.

ತಾವರಗೇರಾ ದಾಟುವವರೆಗೂ ಬಿಸಿಲು, ಧೂಳು. ಕನಕಗಿರಿ ಆದ ಮೇಲೆ ಕಾಲುವೆ ನೀರು, ಭತ್ತ. ಗಂಗಾವತಿಯಲ್ಲಿ ಇಳಿದು, ತಲೆಗೆ ಇಪ್ಪತ್ತು ರೂಪಾಯಿ ಕೊಟ್ಟು ಆಟೋದಲ್ಲಿ ಮೀನಿನ ಮರಿ ಮಾರುವ ಹುಸೇನಸಾಬರ ತೋಟಕ್ಕೆ ಹೋದೆವು. ಅವರು ಮೀನನ್ನು ಅಂಗೈಯಲ್ಲಿ ಹಿಡಿದು ನೋಡಿದರು.

"ಇಷ್ಟ ಸಣ್ಣದಕ್ಕ ತತ್ತಿ ತುಂಬ್ಯಾವು. ದೊಡ್ಡವು ಎಲ್ಲಿ ಹೋದವು ಯವ್ವಾ?"

"ಮಾರೇನಿ. ಮಂದಿ ಕೇಳೋದು ದೊಡ್ಡವನ್ನ."

"ಮತ್ತ ತತ್ತಿ ಇಡಾಕ?"

"ಸಣ್ಣವು ಉಳಿತಾವಲ್ಲ."

ಅವರು ನನ್ನ ಹೆಗಲ ಕಂಬಳಿ ನೋಡಿದರು. "ನೀವು ಕುರಿ ಸಾಕೋರು. ಛಲೋ ಟಗರು ಕೊಯ್ದು, ಸೊರಗಿದ್ದನ್ನ ಹಿಂಡಿಗೆ ಬಿಡ್ತೀರೇನು?"

ನಮ್ಮ ಹಿಂಡಿಗೆ ಬಿಡುವ ಟಗರನ್ನು ಅದರ ತಾಯಿಯನ್ನು ನೋಡಿ ಆರಿಸುತ್ತೇವೆ. ತನ್ನ ಮಕ್ಕಳನ್ನೇ ಹತ್ತಬಾರದೆಂದು ಎರಡು ವರ್ಷಕ್ಕೊಮ್ಮೆ ಬೇರೆ ಊರಿನವರ ಟಗರಿಗೆ ಬದಲು ಕೊಡುತ್ತೇವೆ. ನೀರೊಳಗಿನ ಮೀನಿಗೂ ತಳಿ ಇದೆ ಎಂದು ನನಗೆ ಹೊಳೆದಿರಲಿಲ್ಲ.

ಸಾಬರು ಎರಡು ತೊಟ್ಟಿ ತೋರಿಸಿದರು. ಒಂದರಲ್ಲಿದ್ದ ಮೀನುಗಳ ಎಡ ರೆಕ್ಕೆಯ ತುದಿ ಕತ್ತರಿಸಿದ್ದರು, ಇನ್ನೊಂದರಲ್ಲಿ ಬಲ ರೆಕ್ಕೆಯದು. ನಾವು ಕುರಿಯ ಕಿವಿಗೆ ಗುರುತು ಮಾಡುವುದು ಹೀಗೆಯೇ. ಈ ಮನೆತನದ ಹೆಣ್ಣಿಗೆ ಆ ಮನೆತನದ ಗಂಡನ್ನು ಕೂಡಿಸುತ್ತಾರಂತೆ. "ಹೊಂಡ ಒಣಗಿಸಿ, ತಿಂಗಳ ಬಿಟ್ಟು ಬರ್ರಿ, ಮರಿ ಕೊಡ್ತೀನಿ. ಎಲ್ಲಾದ್ಕಿಂತ ಮೊದಲು ದೊಡ್ಡದಾಗಿ ಬೆಳದದ್ದನ್ನ ಮಾತ್ರ ಮಾರಬ್ಯಾಡ್ರಿ, ತತ್ತಿಗೆ ಉಳಿಸ್ರಿ."

"ತೌಡು ಕಮ್ಮಿ ಆಗಿತ್ತೇನ್ರಿ?" ರೇಣವ್ವ ಕೇಳಿದಳು. ಬೆಳಗಿನಿಂದ ಅವಳು ಆಡಿದ ಮೊದಲ ಮಾತು.

"ಇಲ್ಲವ್ವ, ಮೈ ತುಂಬೇತಿ. ತಳಿನ ಸಣ್ಣ ಆಗೇತಿ."

ಅವಳು ನನ್ನ ಕಡೆ ನೋಡಲಿಲ್ಲ. ನಾನು ಸಾಬರಿಗೆ ಹೇಳಿದೆ, "ಮರಿ ಇಕಿ ಹೆಸರಿಗೆ ಬರಕೊಳ್ರಿ. ಹೊಂಡ ಇಕಿದು. ಇನ್ನ ಮಾರೋದೂ ಇಕಿನ."

ನಮ್ಮ ಮೀನನ್ನು ಅವರ ಬೆಕ್ಕಿಗೆ ಹಾಕಿ ಖಾಲಿ ಬಕೆಟ್ಟು ಹಿಡಿದು ಹೊರಟೆವು.

ತಪ್ಪಾಯಿತು ಎನ್ನುವುದು ನನ್ನ ಬಾಯಲ್ಲಿ ಬರುವುದಿಲ್ಲ. ತಾವರಗೇರಾದಲ್ಲಿ ಬಸ್ಸು ನಿಂತಾಗ ಇಳಿದು ಎರಡು ಮಿರ್ಚಿ ಬಜ್ಜಿ ತಂದು ಅವಳ ಕೈಗೆ ಕೊಟ್ಟೆ. ಅವಳು ಎರಡನ್ನೂ ಅಳೆದು ನೋಡಿ, ಸಣ್ಣದನ್ನು ನನಗೆ ಕೊಟ್ಟಳು.

"ದೊಡ್ಡದು ಉಳಿಸಬೇಕಂತ ಸಾಬರು ಹೇಳ್ಯಾರಲ್ರಿ, ಅತ್ತಿ."

ನಾನು ಸಣ್ಣದನ್ನೇ ತಿಂದೆ.