ರುದ್ರಣ್ಣನ ಎರಡು ಬಾಟಲಿ

ಆ ದಿನ ಸವಣೂರಿನಲ್ಲಿ ವೀಳ್ಯದೆಲೆ ತೋಟದ ಫಕೀರಪ್ಪನ ಮನೆಯ ಪಡಸಾಲೆಯಲ್ಲಿ ನಾವೆಲ್ಲ ಸೇರಿದ್ದೆವು. ಫಕೀರಪ್ಪ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದ. ಅವನ ತಾಯಿ ಬಸವ್ವ ಕಂಬದ ಬುಡದಲ್ಲಿ ಕಾಲು ಚಾಚಿ ಕೂತಿದ್ದಳು. ಹೆಂಡತಿ ಶಾಂತವ್ವ ಅಡುಗೆಮನೆಯ ಹೊಸ್ತಿಲ ಹತ್ತಿರ ಅರ್ಧ ಒಳಗೆ, ಅರ್ಧ ಹೊರಗೆ ಕೂತಿದ್ದಳು. ಅವಳ ತೊಡೆಯ ಮೇಲೆ ಮೂರು ವರ್ಷದ ಸಂಗ. ಪಕ್ಕದ ಮನೆಯ ಸೊಸೆಯಾದ ನಾನು ಅವಳ ಬದಿಗೆ. ನಮ್ಮೆಲ್ಲರ ನಡುವೆ ಮುಂಬಯಿಯಿಂದ ಬಂದ ನಮ್ಮಣ್ಣ ರುದ್ರಪ್ಪ ಅಂಗಿಯ ತೋಳು ಮಡಚಿ, ತೊಳೆದ ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು ನಿಂತಿದ್ದ. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಸವ್ವ ಒರೆಸಿಕೊಳ್ಳಲು ತನ್ನ ಗಂಟಿನಿಂದ ಒಗೆದ ಪಾವುಡ ತೆಗೆದು ಕೊಡಹೋದಳು. ಬೇಡ, ತಾನೇ ಆರಲಿ ಎಂದ.

ಆ ಕೈಗಳನ್ನು ನೋಡಿದವರು ಮರೆಯುತ್ತಿರಲಿಲ್ಲ. ಮುಖ ನಮ್ಮೆಲ್ಲರ ಹಾಗೆ ಎಣ್ಣೆಗಪ್ಪು, ಕೈ ಮಾತ್ರ ಮೊಣಕೈಯವರೆಗೆ ನೀರಲ್ಲಿ ನೆನೆದ ಅವರೆಕಾಳಿನಂತೆ ಬಿಳುಪೇರಿ ಸುಕ್ಕಾಗಿದ್ದವು. ದಿನಕ್ಕೆ ನಲವತ್ತು ಸಲ ತೊಳೆಯುತ್ತಿದ್ದನೋ ಏನೋ. ಹತ್ತಿರ ಬಂದರೆ ಕಾರ್ಬಾಲಿಕ್ ಸೋಪಿನ ವಾಸನೆ. ಊಟಕ್ಕೆ ಕೂತಾಗಲೂ ಕೈ ತೊಳೆದು, ಎತ್ತಿ ಹಿಡಿದು, ಆರುವವರೆಗೆ ಕಾಯುತ್ತಿದ್ದ. ಅಷ್ಟರಲ್ಲಿ ರೊಟ್ಟಿ ಆರಿಹೋಗುತ್ತಿತ್ತು. ನಮ್ಮವ್ವ ಬೈಯುತ್ತಿದ್ದಳು, ಇವನಿಗೆ ಬಿಸಿರೊಟ್ಟಿ ತಿನ್ನುವ ಯೋಗ ಇಲ್ಲ ಎಂದು.

ನಮ್ಮ ತವರು ಶಿಗ್ಗಾಂವ. ಅಪ್ಪನದು ಕಾಳುಕಡಿಯ ಅಂಗಡಿ. ದೊಡ್ಡ ಮಗ ತಕ್ಕಡಿ ಹಿಡಿಯಲಿಲ್ಲ. ಧಾರವಾಡದಲ್ಲಿ ಕಲಿತು, ಪುಣೆಯಲ್ಲಿ ಕಲಿತು, ಕೊನೆಗೆ ಮುಂಬಯಿಯ ಒಂದು ಪ್ರಯೋಗಶಾಲೆ ಸೇರಿದ. ಮಕ್ಕಳ ಕೈಕಾಲು ಕಸಿದುಕೊಳ್ಳುವ ಪೋಲಿಯೊ ರೋಗದ ವಿಷಾಣುವನ್ನು ಹುಡುಕುವುದು, ಅದನ್ನು ತಡೆಯುವ ಲಸಿಕೆಯ ದಾರಿ ಕಾಣುತ್ತದೆಯೇ ನೋಡುವುದು, ಇದೇ ಅವನ ಕೆಲಸ. ಕಣ್ಣಿಗೆ ಕಾಣದ ಜಂತು ಅದು, ಸೂಕ್ಷ್ಮದರ್ಶಕಕ್ಕೂ ಸಿಗುತ್ತಿರಲಿಲ್ಲವಂತೆ. ಮಂಗಗಳಿಗೆ ಚುಚ್ಚಿ, ಅವುಗಳ ಕಾಲು ನೋಡಿಯೇ ಗೊತ್ತುಮಾಡಬೇಕಿತ್ತು. ಅಪ್ಪ ಪೇಟೆಯಲ್ಲಿ ಮಗ ಡಾಕ್ಟರ ಎಂದು ಹೇಳಿಕೊಂಡರೆ ಅವನು ನಾಲ್ಕು ಜನರ ಮುಂದೆಯೇ ತಿದ್ದುತ್ತಿದ್ದ: "ಡಾಕ್ಟರ ಅಲ್ಲರಿ. ಮಂಗ್ಯಾ ಕಾಯಾಂವ ಅದೇನಿ." ಪೇಟೆಯವರಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಅವನು ಮಂಗ್ಯಾನ ರುದ್ರಪ್ಪ.

ಹೆಸರಿಗೆ ತಕ್ಕಂತೆ ನಡೆದುಕೊಳ್ಳುತ್ತಿದ್ದ ಎನ್ನಿ. ರಜೆಗೆ ಬಂದಾಗ ತಡಸದ ಕಡೆಯ ಅಡವಿಯಿಂದ ಮಂಗಗಳ ಹಿಂಡು ನಮ್ಮ ಮಾಳಿಗೆಗೆ ಬಂದರೆ ನಾವು ಕೋಲು ಹುಡುಕುತ್ತಿದ್ದೆವು. ಅವನು ಶೇಂಗಾ ಹಿಡಿದು ಮೇಲೆ ಹತ್ತುತ್ತಿದ್ದ. ಯಾವುದು ಹೇಗೆ ಕಾಲೂರುತ್ತದೆ, ಯಾವುದು ಎಡಕ್ಕೆ ವಾಲುತ್ತದೆ ಎಂದು ಗಂಟೆಗಟ್ಟಲೆ ನೋಡುತ್ತಿದ್ದ. ಮುಂಬಯಿ ನೆಂಟರನ್ನು ನೆನಸಿಕೊಳ್ಳಾಕತ್ತಾನ ಎಂದು ಓಣಿಯವರು ನಗುತ್ತಿದ್ದರು. ಒಮ್ಮೆ ನಾನೂ ನಕ್ಕೆ. ಅವನು ನಗಲಿಲ್ಲ. "ಅಲ್ಲಿ ಇವರ ಕಾಲು ನಾನ ಕೆಡಸ್ತೇನಿ ತಂಗಿ," ಎಂದ. "ಇಲ್ಲೆರ ನಾಕು ಶೇಂಗಾ ಹಾಕಬ್ಯಾಡೇನು?" ಆಮೇಲೆ ನಾನು ಆ ವಿಷಯಕ್ಕೆ ನಕ್ಕದ್ದಿಲ್ಲ.

ಸಂಗನ ಕಥೆಗೆ ಬರುತ್ತೇನೆ. ಯುದ್ಧ ಮುಗಿದಿತ್ತು, ರೇಶನ್ ಮುಗಿದಿರಲಿಲ್ಲ, ಆ ವರ್ಷ. ಶಾಂತವ್ವ ಮಗನನ್ನು ಕರೆದುಕೊಂಡು ತವರೂರು ಹಾನಗಲ್ಲಿಗೆ ಹೋಗಿ ಬಂದಳು. ಬಂದ ವಾರಕ್ಕೆ ಕೂಸಿಗೆ ಜ್ವರ. ಮೂರು ದಿನಕ್ಕೆ ಜ್ವರ ಇಳಿಯಿತು, ನಾಲ್ಕನೆಯ ದಿನ ಎಬ್ಬಿಸಿ ನಿಲ್ಲಿಸಿದರೆ ಬಲಗಾಲು ಒಗೆದ ಬಟ್ಟೆಯ ಹಾಗೆ ಜೋತುಬಿತ್ತು.

ಬಸವ್ವನಿಗೆ ಕಾರಣ ಸಿಕ್ಕಿತು. ಸೊಸೆ ತವರಿನಿಂದ ಬಂದದ್ದು ಅಮಾವಾಸ್ಯೆಯ ದಿನ. ವರದಾ ಹೊಳೆಯನ್ನು ಕೂಸು ಸಮೇತ ಅವತ್ತೇ ದಾಟಿದ್ದಳು. ಆ ಮಾತನ್ನು ಬಸವ್ವ ನೀರು ಸೇದುವಾಗ ಹೇಳಿದಳು, ಎಲೆ ಕಟ್ಟುವಾಗ ಹೇಳಿದಳು, ಹೇಳುತ್ತ ಹೇಳುತ್ತ ಅದು ಓಣಿಗೆಲ್ಲ ನಿಜವಾಯಿತು. ತಾಯಿಯೇ ಕೂಸಿನ ಕಾಲು ಹೊಳೆಗೆ ಕೊಟ್ಟು ಬಂದಳು ಎಂದರು. ಇಂಥವಳನ್ನು ಇಟ್ಟುಕೊಂಡರೆ ಮುಂದಿನ ಮಕ್ಕಳೂ ಹೀಗೇ ಎಂದು ಹಿರಿಯರು ಕೂತು ಮಾತಾಡಿ, ಹಿರೇಕೆರೂರಿನ ಕಡೆ ಫಕೀರಪ್ಪನಿಗೆ ಇನ್ನೊಂದು ಹೆಣ್ಣು ನೋಡಿ ಬಂದರು. ಶಾಂತವ್ವನನ್ನು ಹಾನಗಲ್ಲಿಗೆ ಬಿಟ್ಟುಬರುವುದು ಎಂದಾಯಿತು. ಫಕೀರಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಕಾಗದ ಬರೆಯಲು ಬರುತ್ತಿತ್ತು. ಅಣ್ಣನಿಗೆ ಬರೆದೆ. ಹತ್ತೇ ದಿನದಲ್ಲಿ ಅವನು ಯಲವಿಗಿ ಸ್ಟೇಶನ್ನಿನಲ್ಲಿ ಇಳಿದು, ಒಂದು ಚಕ್ಕಡಿ ಹಿಡಿದು, ಟ್ರಂಕು ಹೊತ್ತು ಬಂದ. ಟ್ರಂಕಿನ ತುಂಬ ಖಾಲಿ ಬಾಟಲಿ.

ಹೀಗೆ ಆ ಪಡಸಾಲೆಗೆ ನಾವೆಲ್ಲ ಕೂಡಿದ್ದು. ಅವನು ಕೈ ಆರಿಸಿಕೊಂಡು ಸಂಗನ ಕಾಲು ನೋಡಿದ, ಮಂಡಿಯ ಕೆಳಗೆ ಬೆರಳಿನಿಂದ ತಟ್ಟಿದ, ಕಚಗುಳಿ ಇಟ್ಟ. ಕೂಸು ನಕ್ಕಿತು, ಕಾಲು ನಗಲಿಲ್ಲ. ಶಾಂತವ್ವ ಮೆಲ್ಲಗೆ ಕೇಳಿದಳು, "ಔಷಧ ಐತೇನ್ರಿ ಅಣ್ಣಾರ?"

"ಇಲ್ಲ ತಂಗಿ. ಈ ಕಾಲು ಪೂರಾ ತಿರುಗಿ ಬರಂಗಿಲ್ಲ. ದಿನಾ ತಿಕ್ರಿ, ನಡಸ್ರಿ, ಕೋಲು ಹಿಡದು ನಡೀತಾನ."

ಸುಳ್ಳು ಭರವಸೆ ಕೊಡುವುದು ಅವನಿಗೆ ಬರುತ್ತಿರಲಿಲ್ಲ. ನನಗೆ ಸಿಟ್ಟು ಬಂತು. ಆದರೆ ಶಾಂತವ್ವ, ಇಲ್ಲ ಎಂದು ನೆಟ್ಟಗೆ ಹೇಳಿದವನನ್ನು ಮೊದಲ ಸಲ ಕಂಡವಳ ಹಾಗೆ ಅವನ ಮುಖ ನೋಡಿದಳು.

ಬಳಿಕ ಅವನು ಕೇಳಿದ್ದು ಕೇಳಿ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದೆವು. ಈ ವಿಷಾಣು ಇದ್ದರೆ ಕೂಸಿನ ಮಲದಲ್ಲಿ ಇನ್ನೂ ಕೆಲವು ವಾರ ಇಳಿಯುತ್ತದೆ, ಅದನ್ನು ಒಂದು ಬಾಟಲಿಯಲ್ಲಿ ಹಾಕಿ ಕೊಡಿ ಎಂದ. ಶಿಗ್ಗಾಂವದ ಸಾವಕಾರರ ಮಗ, ಇಂಥದ್ದನ್ನು ಮುಂಬಯಿಗೆ ಒಯ್ಯುವವನು. ಬಸವ್ವ ನನ್ನ ಕಡೆ ತಿರುಗಿ, ನಿಮ್ಮಣ್ಣನ ತಲಿ ನೆಟ್ಟಗೈತೇನವಾ ಎಂದು ಗಟ್ಟಿಯಾಗಿಯೇ ಕೇಳಿದಳು. ಆದರೂ ಬಂದ ಅತಿಥಿಯ ಮಾತು ತೆಗೆದುಹಾಕಬಾರದೆಂದು, ಮರುದಿನ ಮುಂಜಾನೆ ಬಾಟಲಿಯನ್ನು ತಾನೇ ತುಂಬಿ, ಮೇಲೆ ಬಾಳೆಎಲೆ ಕಟ್ಟಿ, ಎರಡು ಕೈಯಿಂದ ಕೊಟ್ಟಳು.

ರುದ್ರಣ್ಣ ಬಿಚ್ಚಿ ನೋಡಿದ. ಬಾಟಲಿಯಲ್ಲಿ ಅರ್ಧಕ್ಕರ್ಧ ಒಲೆಯ ಬೂದಿ.

ನಮ್ಮಲ್ಲಿ ಕೂಸು ಹಿತ್ತಲಿಗೆ ಹೋಗಿ ಬಂದ ಮೇಲೆ ಅದರ ಮೇಲೆ ಬೂದಿ ಮುಚ್ಚುವುದು ಪದ್ಧತಿ. ಬಸವ್ವನ ಕೈ ಅದನ್ನು ಕೇಳದೆಯೇ ಮಾಡಿಬಿಟ್ಟಿತ್ತು. ನಾನು ತಲೆ ಚಚ್ಚಿಕೊಂಡೆ. ಬಸವ್ವನೋ ತನ್ನ ತಪ್ಪೇನು ಎಂದು ಎದ್ದು ನಿಂತಳು. "ಮುಂಬಯಿ ಸಾಹೇಬ್ರ ಕೈಯಾಗ ಹಂಗ ಬಿಚ್ಚಿ ಕೊಡಾಕ ನಾವೇನ ಲಜ್ಜಿ ಬಿಟ್ಟ ಮಂದೀನ?"

ರುದ್ರಣ್ಣ ಬೈಯುತ್ತಾನೆಂದುಕೊಂಡೆ. ಅವನು ಬಾಟಲಿಯನ್ನು ಬೆಳಕಿಗೆ ಹಿಡಿದು, ಇದು ದಿನಾಲೂ ಮಾಡುತ್ತೀರಾ, ಓಣಿಯವರೆಲ್ಲ ಮಾಡುತ್ತಾರಾ, ಯಾವ ಕಟ್ಟಿಗೆಯ ಬೂದಿ, ಎಷ್ಟು ಹಾಕುತ್ತೀರಿ ಎಂದು ಒಂದೊಂದೇ ಕೇಳಿ ನೋಟುಬುಕ್ಕಿನಲ್ಲಿ ಬರೆದುಕೊಂಡ. ಬಸವ್ವ ಉತ್ತರ ಕೊಡುತ್ತ ಕೊಡುತ್ತ ಕೂತಳು. ಅವಳನ್ನು ಬೂದಿಯ ಬಗ್ಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಆಮೇಲೆ ಬೂದಿ ಹಾಕದೆ ಇನ್ನೊಂದು ಕೊಡಿ ಎಂದು ಕೈ ಮುಗಿದ. ಆ ಸಲ ಶಾಂತವ್ವ ಹೋದಳು. ಮೊದಲನೆಯದನ್ನು ಚೆಲ್ಲುತ್ತಾನೆಂದು ನೋಡಿದರೆ ಅದಕ್ಕೂ ಕೆಡದ ಹಾಗೆ ಗ್ಲಿಸರಿನ್ ಸುರಿದು ಬಿರಡೆ ಹಾಕಿದ. ತಪ್ಪಿದ್ದನ್ನು ಅವನು ಎಂದೂ ಎಸೆಯುತ್ತಿರಲಿಲ್ಲ, ಅದಕ್ಕೂ ಚೀಟಿ ಅಂಟಿಸುತ್ತಿದ್ದ. ಒಂದರ ಮೇಲೆ "ಸಂಗಪ್ಪ, ಬೂದಿ" ಎಂದು ಬರೆದ, ಇನ್ನೊಂದರ ಮೇಲೆ "ಸಂಗಪ್ಪ, ಬರೇ".

ಇನ್ನು ಬಾಟಲಿ ತಣ್ಣಗೆ ಮುಂಬಯಿ ಮುಟ್ಟಬೇಕಿತ್ತು. ಎರಡು ದಿನದ ರೈಲು ಹಾದಿ, ಬಿಸಿಲು, ಹಾದಿಯಲ್ಲಿ ಬರ್ಫ ಸಿಕ್ಕುವ ನಂಬಿಕೆ ಇಲ್ಲ. ಅಲ್ಲಿ ಫಕೀರಪ್ಪ ಬಾಯಿ ತೆಗೆದ. ಅವನ ಎಲೆ ಮುಂಬಯಿ ಮುಟ್ಟುವವರೆಗೆ ಬಾಡುತ್ತಿರಲಿಲ್ಲ. ಒಂದು ಬುಟ್ಟಿಯ ತಳಕ್ಕೆ ಹಸಿ ಬಾಳೆಪಟ್ಟೆ ಹಾಸಿ, ಸುತ್ತ ಎಲೆಯ ಕಟ್ಟು ಜೋಡಿಸಿ, ನಡುವೆ ಬಾಟಲಿ ಎರಡನ್ನೂ ಕೂರಿಸಿ, ಮೇಲೆ ನೆನೆದ ಗೋಣಿ ಹೊಲಿದ. ಪ್ರತಿ ದೊಡ್ಡ ಸ್ಟೇಶನ್ನಿನಲ್ಲಿ ಒಂದು ಚೆಂಬು ನೀರು ಚಿಮುಕಿಸಿರಿ, ಹೆಚ್ಚು ಬೇಡ ಎಂದು ಹೇಳಿಕೊಟ್ಟ. ರುದ್ರಣ್ಣ ಅದನ್ನೂ ಬರೆದುಕೊಂಡ.

ಯಲವಿಗಿಗೆ ಕಳಿಸಲು ನಾನೂ ಹೋಗಿದ್ದೆ. ಗಾಡಿ ಬರುವುದು ತಡವಿತ್ತು. ಅಣ್ಣನ ಜೊತೆ ಜಗಳ ತೆಗೆದೆ. ಕಾಲು ಹೋಗಿದ್ದು ರೋಗದಿಂದ, ಹೊಳೆ ದಾಟಿದ್ದಕ್ಕಲ್ಲ ಎಂದು ಈಗಲೇ ಒಂದು ಕಾಗದ ಬರೆದುಕೊಡು, ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿದರೆ ಇವರು ನಂಬುತ್ತಾರೆ, ಶಾಂತವ್ವ ಉಳಿಯುತ್ತಾಳೆ ಎಂದೆ. ಅವನು ಬುಟ್ಟಿಯ ಮೇಲೆ ಕೈ ಇಟ್ಟ.

"ನನಗೂ ಹಂಗ ಅನಸ್ತೈತಿ. ಆದ್ರ ಅನಿಸಿದ್ದನ್ನ ಬರ್ದು ಕೊಟ್ರ ನನಗೂ ಬಸವ್ವಗೂ ಏನ ಫರಕು? ಆಕಿಗೂ ಹೊಳಿ ಅಂತ ಅನಸೇತಿ. ಕಂಡ ಮ್ಯಾಲೆ ಬರೀತೇನಿ."

"ಅಷ್ಟ್ರಾಗ ಆಕಿನ್ನ ಹೊರಗ ಹಾಕ್ತಾರ," ಎಂದೆ.

"ಕಂಡ ದಿನಾನ ಬರೀತೇನಿ," ಎಂದ. ಗಾಡಿ ಬಂತು. ಬುಟ್ಟಿಯನ್ನು ಕೂಸಿನಂತೆ ಎದೆಗವಚಿಕೊಂಡು ಹತ್ತಿದ.

ನಾನು ಹೇಳಿದಂತೆಯೇ ಆಯಿತು. ಹದಿನೈದು ದಿನ ಕಳೆಯುವುದರೊಳಗೆ ಶಾಂತವ್ವನನ್ನೂ ಸಂಗನನ್ನೂ ಹಾನಗಲ್ಲಿಗೆ ಬಿಟ್ಟು ಬಂದರು. ಹೋಗುವಾಗ ಅವಳು ನನ್ನ ಕಡೆ ನೋಡಿ, ಕಾಗದ ಬಂದರೆ ಓದಿ ಹೇಳಿ ಕಳಿಸು ಎಂದಳು. ಹಿರೇಕೆರೂರಿನವರು ಮನೆ ನೋಡಲು ಬಂದು ಊಟ ಮಾಡಿ ಹೋದರು. ಅಣ್ಣನ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಬಂದರೂ ಆ ಕಾಗದ ಒಡೆಯಬಾರದು ಎಂದುಕೊಂಡಿದ್ದೆ.

ಕಾಗದ ಬಂತು. ಒಡೆದೆ. ಬಸವ್ವನ ಪಡಸಾಲೆಗೇ ಒಯ್ದು, ತಾಯಿ ಮಗ ಇಬ್ಬರನ್ನೂ ಕೂರಿಸಿ ಓದಿದೆ. ಅವನು ಬರೆದದ್ದು ನನಗೆ ಇನ್ನೂ ಬಾಯಿಪಾಠ.

"ಬರೇ ಬಾಟಲಿಯದನ್ನು ಎರಡು ಮಂಗಗಳಿಗೆ ಚುಚ್ಚಿದೆ. ಎರಡಕ್ಕೂ ಹಿಂಗಾಲು ಬಿದ್ದವು, ಸಂಗನ ಹಾಗೆಯೇ. ಬೂದಿ ಬಾಟಲಿಯದನ್ನು ಬೇರೆ ಎರಡಕ್ಕೆ ಚುಚ್ಚಿದೆ. ಅವು ಇಂದಿಗೂ ಸರಳು ಹತ್ತಿ ಇಳಿಯುತ್ತಿವೆ. ನಾಲ್ಕು ಮಂಗ ಸಾಲವು, ಇನ್ನೂ ನೋಡುವುದಿದೆ. ಆದರೆ ಇಷ್ಟನ್ನು ಈಗಲೇ ಹೇಳಬಲ್ಲೆ. ಕೂಸಿನ ಕಾಲು ಕೆಡಿಸಿದ್ದು ಹೊಟ್ಟೆಗೆ ಸೇರಿದ ವಿಷಾಣು. ಅದಕ್ಕೆ ಹೊಳೆಯೂ ಗೊತ್ತಿಲ್ಲ, ಅಮಾವಾಸ್ಯೆಯೂ ಗೊತ್ತಿಲ್ಲ. ಶಾಂತವ್ವನ ತಪ್ಪು ಏನೂ ಇಲ್ಲ. ಬಸವ್ವನವರಿಗೆ ನನ್ನ ನಮಸ್ಕಾರ ಹೇಳು. ಅವರ ಬೂದಿ ಆ ವಿಷಾಣುವನ್ನು ಕೊಂದಂತೆ ಕಾಣುತ್ತದೆ. ಆ ಪದ್ಧತಿ ಬಿಡಬಾರದು, ಬಿಟ್ಟವರಿಗೂ ಹೇಳಬೇಕು."

ಬಸವ್ವ ಇನ್ನೊಮ್ಮೆ ಓದು ಎಂದಳು. ಓದಿದೆ. ಬೂದಿಯದಷ್ಟು ಮತ್ತೊಮ್ಮೆ ಎಂದಳು. ಅದನ್ನೂ ಓದಿದೆ. ಆಮೇಲೆ ಕಂಬಕ್ಕೆ ತಲೆ ಆನಿಸಿ, ಒಲೆಯ ಕಡೆ ನೋಡುತ್ತ ಕೂತಳು. ಒಲೆಯ ಮುಂದೆ ಸಂಗನ ಸಣ್ಣ ಮಣೆ ಇನ್ನೂ ಇತ್ತು. ಕೊನೆಗೆ ಮಗನನ್ನು ಕರೆದಳು.

"ನಾಡದು ಏನೈತಿ?"

"ಅಮಾಸಿ," ಎಂದ ಫಕೀರಪ್ಪ.

"ನಾಳೇನ ಹೋಗು. ಅಮಾಸಿ ದಿನಾನ ಹೊಳಿ ದಾಟ್ಸಿ ಇಬ್ಬರ್ನೂ ಕರಕೊಂಡು ಬಾ. ಹಿರೇಕೆರೂರಿಗೆ ನಾ ಹೇಳಿ ಕಳಸ್ತೇನಿ."

ಅಮಾವಾಸ್ಯೆಯ ಸಂಜೆ ಚಕ್ಕಡಿ ಓಣಿಗೆ ಬಂದಾಗ ಓಣಿಯೇ ಬಾಗಿಲಿಗೆ ನಿಂತಿತ್ತು. ಬಸವ್ವ ಮುಂದೆ ಹೋಗಿ ಸಂಗನನ್ನು ಇಳಿಸಿಕೊಂಡಳು. ಸೊಸೆಯ ಹತ್ತಿರ ಕ್ಷಮೆ ಕೇಳುವ ಜಾತಿಯವಳಲ್ಲ ಅವಳು. ಕೈಕಾಲಿಗೆ ನೀರು ಮಾತ್ರ ತಾನೇ ಕೊಟ್ಟಳು. ಮುಂದೆ ಸಾಯುವವರೆಗೆ, ಹಿತ್ತಲಿಗೆ ಬೂದಿ ಹಾಕದ ಮನೆ ಕಂಡರೆ ಒಳಗೆ ನುಗ್ಗಿ, "ಮುಂಬಯಿದಾಗ ಪಾಸಾದ ಬೂದಿ ಐತವಾ ಇದು" ಎಂದು ಬುಟ್ಟಿಯಿಂದ ಸುರಿದು ಬರುತ್ತಿದ್ದಳು. ಶಿಗ್ಗಾಂವದಲ್ಲಿ ನಮ್ಮಪ್ಪನೂ ಅಷ್ಟೇ. ಆಮೇಲೆ ಮಗ ಡಾಕ್ಟರ ಎನ್ನಲಿಲ್ಲ. "ನನ್ನ ಮಗಾ ಮಂಗ್ಯಾ ಕಾಯ್ತಾನ," ಎಂದು ಪೇಟೆಯ ನಡುವೆ ನಿಂತು ತಾನೇ ಹೇಳುತ್ತಿದ್ದ.

ರುದ್ರಣ್ಣ ಇನ್ನೊಂದೇ ಸಲ ಸವಣೂರಿಗೆ ಬಂದ. ಸಂಗ ಕೋಲು ಹಿಡಿದು ಶಾಲೆಗೆ ಹೋಗುತ್ತಿದ್ದ. ಅಣ್ಣ ಅವನನ್ನು ಅಂಗಳದಲ್ಲಿ ಹೋಗಿ ಬಾ, ಹೋಗಿ ಬಾ ಎಂದು ನಡೆಸಿ, ಮಾಳಿಗೆಯ ಮಂಗಗಳನ್ನು ನೋಡುತ್ತಿದ್ದ ಹಾಗೆಯೇ ಕಣ್ಣು ಕೀಲಿಸಿ ನೋಡಿದ. ಲಸಿಕೆ ಸಿಕ್ಕಿತೇ ಎಂದು ಶಾಂತವ್ವ ಕೇಳಿದಳು. ಇನ್ನೂ ಇಲ್ಲ ಎಂದ. "ಸಿಗತೈತಿ ತಂಗಿ. ನನ್ನ ಕೈಗೆ ಸಿಗದಿದ್ರ ಇನ್ನೊಬ್ಬರ ಕೈಗೆ ಸಿಗತೈತಿ. ನಾವು ಬಾಟ್ಲಿ ತೊಳದು ಇಟ್ಟಿರ್ತೇವಿ." ಊಟಕ್ಕೆ ಕೂತ, ಕೈ ಎತ್ತಿ ಹಿಡಿದ. ಅವನ ಕೈ ಆರುವವರೆಗೂ ಶಾಂತವ್ವ ರೊಟ್ಟಿಯನ್ನು ಹಂಚಿನ ಮೇಲೆಯೇ ಇಟ್ಟುಕೊಂಡು ಕಾದಳು. ಅವತ್ತು ಅವನು ಬಿಸಿರೊಟ್ಟಿ ತಿಂದ.

ಪ್ರತಿ ವರ್ಷ ಶಾಂತವ್ವ ತೋಟದ ಮೊದಲ ಕೊಯ್ಲಿನ ಎಲೆಯನ್ನು ಒಂದು ಬುಟ್ಟಿ ಮುಂಬಯಿಗೆ ಕಳಿಸುತ್ತಿದ್ದಳು. ಅಣ್ಣ ಎಲೆ ಹಾಕುತ್ತಿರಲಿಲ್ಲ, ಪ್ರಯೋಗಶಾಲೆಯವರಿಗೆ ಹಂಚುತ್ತಿದ್ದ. ಒಂದು ವರ್ಷ ಮುಂಜಾನೆಯ ಗಾಡಿಗೆ ಬುಟ್ಟಿ ಹೋಯಿತು, ಸಂಜೆ ನಮ್ಮ ಮನೆಗೆ ಅಣ್ಣ ತೀರಿಕೊಂಡನೆಂದು ತಂತಿ ಬಂತು. ಏಳು ದಿನದ ಮೇಲೆ, ತೆಗೆದುಕೊಳ್ಳುವವರಿಲ್ಲವೆಂದು, ಬುಟ್ಟಿ ಯಲವಿಗಿಗೆ ವಾಪಸು ಬಂತು. ಸಂಗ ಹೋಗಿ ಬಿಡಿಸಿಕೊಂಡು ಬಂದ. ಶಾಂತವ್ವ ಹೊಲಿಗೆ ಬಿಚ್ಚಿದಳು. ಸುತ್ತಲಿನ ಕಟ್ಟುಗಳು ಕಪ್ಪಾಗಿದ್ದವು, ನಡುವಿನವು ಹಸಿರಾಗಿಯೇ ಇದ್ದವು. ಅವನ್ನು ಆರಿಸಿ, ಒರೆಸಿ, ಓಣಿಯ ಮನೆಮನೆಗೂ ಎರಡೆರಡು ಕೊಟ್ಟು ಬಂದಳು.